ಸಸ್ತಾದಾಗ ಚೊಲೋ ಬ್ಯಾಂಡ್ ಸಾ ಯಾವ್ದ್ರಿ?

“ಕಾಕಾ, ಮನ್ಯಾಗ ಇಟ್ಕೊಳ್ಳಾಕ ಸಸ್ತಾದಾಗ ಒಂದು ಚೊಲೋ ಬ್ಯಾಂಡ್ ಸಾ ಹೇಳ್ರಿ. ಕಬ್ಬಿಣ ಕತ್ತರಸ್ಲಾಕ.”

ವಾರಕ್ಕೆ ಎರಡು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ತೂಗಿಸುವಾಗ ಕೇಳಿದ್ದಾರೆ. ಶರಣಬಸವೇಶ್ವರ ಜಾತ್ರೆಯ ನೂಕುನುಗ್ಗಲಲ್ಲಿ ಭುಜ ಹಿಡಿದು ನಿಲ್ಲಿಸಿ ಕೇಳಿದ್ದಾರೆ. ನಾನು ಸೇಡಂ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ 22 ವರ್ಷ ಫಿಟರ್ ಆಗಿದ್ದವನು. ಈಗ ಕಲಬುರಗಿಯಲ್ಲಿ ಮನೆ ಹಿಂದೆ ಶೆಡ್ ಹಾಕಿಕೊಂಡಿದ್ದೇನೆ. ಹತ್ತಡಿಗೆ ಹನ್ನೆರಡಡಿ, ನೆಲಕ್ಕೆ ಶಹಾಬಾದ್ ಕಲ್ಲು. ದಾಲ್ ಮಿಲ್‌ನವರಿಗೆ ಶಾಫ್ಟು, ಬ್ರಾಕೆಟ್ಟು ಮಾಡಿಕೊಡುತ್ತೇನೆ. ಮೂಲೆಯಲ್ಲಿ ಒಂದು ಬ್ಯಾಂಡ್ ಸಾ ಇದೆ, ಅಂದರೆ ಪಟ್ಟಿಯಂಥ ಗರಗಸದ ಬ್ಲೇಡ್ ಎರಡು ಚಕ್ರದ ಮೇಲೆ ಸುತ್ತುತ್ತಾ ಓಡುವ ಮಷಿನ್. ಅದು ತಾನೇ ಕತ್ತರಿಸಿ, ತಾನೇ ಬಂದ್ ಆಗೋದನ್ನು ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕಾಲು ತೋರಿಸದೆ ಚಪ್ಪಲಿ ಕೊಡಿ ಅಂದರೆ ಅಂಗಡಿಯವನು ಏನು ಕೊಡಬೇಕು? ಏನು ಕತ್ತರಿಸುತ್ತೀರಿ ಅಂತ ಒಬ್ಬರೂ ಮೊದಲು ಹೇಳುವುದಿಲ್ಲ. ಎಷ್ಟು ದಪ್ಪ, ದಿನಕ್ಕೆ ಎಷ್ಟು ತುಂಡು, ಯಾವುದೂ ಇಲ್ಲ. ಬರೀ ‘ಸಸ್ತಾ’ ಮತ್ತು ‘ಚೊಲೋ’. ನಾನು ತಿರುಗಿ ಕೇಳಿದರೆ “ಏನರ ಇರ್ಲಿ ತಗೋರಿ, ಎಲ್ಲಾ ಕತ್ತರಸ್ಬೇಕು” ಅಂತಾರೆ. ಎಲ್ಲವನ್ನೂ ಒಂದೇ ಬ್ಲೇಡಲ್ಲಿ ಕತ್ತರಿಸುವ ಮಷಿನ್ ಇಲ್ಲ. ಮೊದಲು ಅದನ್ನು ಒಪ್ಪಿಕೊಳ್ಳಿ.

ನಾನು ಇಷ್ಟು ಒರಟಾಗಿ ಬರೆಯೋದಕ್ಕೆ ಕಾರಣ ಇದೆ.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಹುಗ್ಗಿ ಬಡಿಸುತ್ತಿದ್ದರು. ಆಳಂದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಮನೆ ಮುಂದೆ ಗೇಟು, ಕಿಟಕಿ ಮಾಡುವ ಹುಡುಗ. ಬ್ಯಾಂಡ್ ಸಾ ತಗೊಳ್ಳಲಾ ಅಂದ. ಗದ್ದಲದಲ್ಲಿ ಅರ್ಧ ಕೇಳಿಸಿತು. “ತಗೋಪಾ, ಚೊಲೋ ಇರ್ತದ” ಅಂದು ಇಟ್ಟುಬಿಟ್ಟೆ. ಏನು ಕತ್ತರಿಸ್ತೀ, ಎಂಥಾ ಮಷಿನ್ ಅಂತ ಕೇಳಲಿಲ್ಲ.

ಹದಿನೈದು ದಿನಕ್ಕೆ ಗಾಡಿ ಮೇಲೆ ಮನೆಗೇ ಬಂದ. ಕೈಯಲ್ಲಿ ಒಂದು ಕ್ಯಾರಿಬ್ಯಾಗ್. ಅದರಿಂದ ಸುರುಳಿ ಸುತ್ತಿದ ಬ್ಲೇಡ್ ತೆಗೆದು ನನ್ನ ಟೇಬಲ್ ಮೇಲಿಟ್ಟ. ಒಂದು ಗೇಣಿನುದ್ದ ಹಲ್ಲೇ ಇರಲಿಲ್ಲ. ಉಗುರು ಹಚ್ಚಿ ಎಳೆದರೆ ಸ್ಟೀಲ್ ಪಟ್ಟಿಯ ಹಾಗೆ ನುಣ್ಣಗೆ. ಅಂಚು ಸುಟ್ಟು ನೀಲಿ ಬಣ್ಣಕ್ಕೆ ತಿರುಗಿತ್ತು. ಅವನು ತಂದಿದ್ದು ಮರ ಕತ್ತರಿಸುವ ಬ್ಯಾಂಡ್ ಸಾ. ಬೆಲೆ ಕಡಿಮೆ ಇತ್ತು, ಹೆಸರೂ ಬ್ಯಾಂಡ್ ಸಾ ಅಂತಲೇ ಇತ್ತು. ಅದರಲ್ಲಿ 5 ಮಿ.ಮೀ. ದಪ್ಪದ ಆ್ಯಂಗಲ್ (ಎಲ್ ಆಕಾರದ ಕಬ್ಬಿಣ) ಹಿಡಿದಿದ್ದಾನೆ.

“ನೀವೇ ಅಲ್ರೀ ಕಾಕಾ ತಗೋ ಅಂದಿದ್ದು?”

ಅವನು ಜಗಳಕ್ಕೆ ಬಂದಿರಲಿಲ್ಲ. ಸುಮ್ನೆ ಕೇಳಿದ. ಅದೇ ಜಾಸ್ತಿ ಚುಚ್ಚಿತು. ಆ ದುಡ್ಡು ಅವನು ಗೇಟು ಮಾಡಿ ಕೂಡಿಟ್ಟದ್ದು. ಕೊನೆಗೆ ಒಬ್ಬ ಬಡಗಿಗೆ ಆ ಮಷಿನ್ ಮಾರಿಸಿಕೊಟ್ಟೆ. ಆದರೂ ಅವನಿಗೆ ನಾಲ್ಕು ಸಾವಿರ ಲುಕ್ಸಾನಾಯಿತು. ಅವತ್ತಿನಿಂದ ಫೋನಲ್ಲಿ ಗಡಿಬಿಡಿಯಲ್ಲಿ ಯಾರಿಗೂ ಉತ್ತರ ಕೊಡುವುದಿಲ್ಲ.

ಆ ಬ್ಲೇಡ್ ಯಾಕೆ ಹೋಯಿತು ಅಂತ ತಿಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಮರದ ಬ್ಯಾಂಡ್ ಸಾದಲ್ಲಿ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಕಬ್ಬಿಣಕ್ಕೆ ಮನೆಯ ಸಣ್ಣ ಮಷಿನ್‌ನಲ್ಲಿ 25ರಿಂದ 50 ಮೀಟರ್ ಸಾಕು. ಮರದ ಮಷಿನ್‌ನ ಸ್ಪೀಡಿನಲ್ಲಿ ಕಬ್ಬಿಣಕ್ಕೆ ತಾಗಿದರೆ ಹಲ್ಲು ಕತ್ತರಿಸುವ ಮೊದಲೇ ಸುಟ್ಟುಹೋಗುತ್ತದೆ. ಪುಲ್ಲಿ ಬದಲಿಸಿ ನಿಧಾನ ಮಾಡ್ತೀನಿ ಅನ್ನಬೇಡಿ. ಅಷ್ಟು ಇಳಿಸಬೇಕಾದರೆ ಗೇರ್ ಬಾಕ್ಸ್ ಬೇಕು. ಕಬ್ಬಿಣದ ಮಷಿನ್‌ಗೆ ಬೆಲೆ ಜಾಸ್ತಿ ಇರೋದಕ್ಕೆ ಆ ಗೇರ್ ಬಾಕ್ಸೂ ಒಂದು ಕಾರಣ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ವರ್ಷಕ್ಕೆ ಹತ್ತು ತುಂಡು ಕತ್ತರಿಸುವವರಿಗೆ ಬ್ಯಾಂಡ್ ಸಾ ಬೇಡ. ಮಾಲು ಬಿಗಿಹಿಡಿಯೋಕೆ ಒಂದು ಗಟ್ಟಿ ವೈಸ್, ಕೈಗರಗಸಕ್ಕೆ ಒಳ್ಳೆ ಹ್ಯಾಕ್ಸಾ ಬ್ಲೇಡ್ ತಗೊಳ್ಳಿ. ದಿನವಿಡೀ ಗೇಟಿನ ಪೈಪ್ ಕತ್ತರಿಸಿ ವೆಲ್ಡಿಂಗ್ ಮಾಡುವವರಿಗೆ 14 ಇಂಚಿನ ಕಲ್ಲಿನ ಚಕ್ರ ತಿರುಗುವ ಕಟಿಂಗ್ ಮಷಿನ್ ಇದೆಯಲ್ಲ, ಅದು ಬೇಗ ಆಗುತ್ತದೆ. ಆದರೆ ಕಿಡಿ, ಸದ್ದು, ಸುಟ್ಟ ವಾಸನೆ ಎಲ್ಲ ಇರುತ್ತದೆ. ಪ್ರತಿ ತುಂಡಿನ ಬರ್, ಅಂದರೆ ಅಂಚಿನಲ್ಲಿ ಏಳುವ ಮುಳ್ಳು, ಕೂತು ಉಜ್ಜಬೇಕು. ನಾನು ಮೊದಲು ಅದನ್ನೇ ಇಟ್ಟಿದ್ದೆ. ಪಕ್ಕದ ಮನೆ ಅಕ್ಕ ಒಣ ಹಾಕಿದ್ದ ಸೀರೆಗೆ ಕಿಡಿ ಹಾರಿ ಸಾಸಿವೆ ಕಾಳಿನಷ್ಟು ತೂತುಗಳಾದವು. ಬೇಸಿಗೆಯಲ್ಲಿ ಓಣಿಯವರೆಲ್ಲ ಬಾಗಿಲು ತೆಗೆದೇ ಇಡುತ್ತಾರೆ. ಮಧ್ಯಾಹ್ನ ಮಲಗಿದ ಮಗು ಎದ್ದು ಅಳುತ್ತಿತ್ತು. ಬ್ಯಾಂಡ್ ಸಾ ಓಡುವಾಗ ನನ್ನ ಹೆಂಡತಿ ಕುಕ್ಕರ್ ಸೀಟಿ ಎಣಿಸಬಲ್ಲಳು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ.

ಜಾಗ ಇಲ್ಲದವರು, ಸೈಟಿಗೆ ಹೊತ್ತೊಯ್ಯುವವರು ಕೈಯಲ್ಲಿ ಹಿಡಿಯುವ ಬ್ಯಾಂಡ್ ಸಾ ನೋಡಿ. ಮಕಿಟಾದ 2107ಎಫ್‌ನಂಥದು 120 ಮಿ.ಮೀ. ರಾಡ್ ವರೆಗೆ ಹೋಗುತ್ತದೆ. ಬ್ಯಾಟರಿಯ ಸಣ್ಣವೂ ಬಂದಿವೆ. ಬಾಷ್‌ನ 18 ವೋಲ್ಟಿನದು 63 ಮಿ.ಮೀ. ಕತ್ತರಿಸುತ್ತದೆ. ಚೊಲೋ ಮಷಿನ್‌ಗಳೇ. ಆದರೆ ಕಟ್ ನೇರ ಬರೋದು ನಿಮ್ಮ ಕೈ ಮೇಲಿದೆ. ಅಳತೆಗೆ ಸರಿಯಾಗಿ ಹತ್ತು ತುಂಡು ಬೇಕಾದರೆ ಕೈ ಸೋಲುತ್ತದೆ.

ಮನೆ ವರ್ಕ್‌ಶಾಪಿಗೆ ನನ್ನ ಉತ್ತರ ಒಂದೇ. ನಾಲ್ಕು ಇಂಚು, ಆರು ಇಂಚಿನ ಅಡ್ಡ ಬ್ಯಾಂಡ್ ಸಾ. ಅಂದರೆ ವೈಸ್‌ನಲ್ಲಿ 4 ಇಂಚು ಎತ್ತರ, 6 ಇಂಚು ಅಗಲದ ಮಾಲು ಹಿಡಿಯುತ್ತದೆ. ಅರ್ಧ ಎಚ್.ಪಿ. ಮೋಟಾರು, ಮನೆಯ ಸಿಂಗಲ್ ಫೇಸಿಗೆ ನಡೆಯುತ್ತದೆ. ಮೂರು ಸ್ಪೀಡು. ಬ್ಲೇಡ್ ಹೊತ್ತ ತೋಳು ತನ್ನ ಭಾರಕ್ಕೆ ತಾನೇ ಇಳಿಯುತ್ತಾ ಹೋಗುತ್ತದೆ, ತುಂಡು ಬಿದ್ದ ಕೂಡಲೇ ಸ್ವಿಚ್ ಬಂದ್. ಬ್ಲೇಡ್ 1640 ಮಿ.ಮೀ. ಉದ್ದ, ಅರ್ಧ ಇಂಚು ಅಗಲ. ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ. ಎರಕ, ಬಣ್ಣ ಸ್ವಲ್ಪ ಬೇರೆ, ಒಳಗಿನ ಮಷಿನ್ ಹೆಚ್ಚುಕಮ್ಮಿ ಅದೇ. ಹೆಸರು ಹಿಡಿದು ಬಡಿದಾಡಬೇಡಿ.

ನನ್ನದು ಸೆಕೆಂಡ್ ಹ್ಯಾಂಡ್. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಿಂದ 18 ಸಾವಿರಕ್ಕೆ ತಂದೆ. ಹಳೆಯದು ತಗೊಳ್ಳುವಾಗ ಬಣ್ಣ ನೋಡಬೇಡಿ. ಚಕ್ರವನ್ನು ಕೈಯಿಂದ ತಿರುಗಿಸಿ, ಬ್ಲೇಡ್ ಜಾರದೆ ಒಂದೇ ಜಾಗದಲ್ಲಿ ಓಡುತ್ತದಾ ನೋಡಿ. ಗೇರ್ ಬಾಕ್ಸ್ ಮುಚ್ಚಳ ತೆಗೆಸಿ, ಆಯಿಲ್‌ನಲ್ಲಿ ಹಿತ್ತಾಳೆ ಬಣ್ಣದ ಪುಡಿ ಮಿಂಚುತ್ತಿದ್ದರೆ ಗೇರ್ ಸವೆದಿದೆ ಅಂತ ಅರ್ಥ, ಎದ್ದು ಬನ್ನಿ. ಬ್ಲೇಡನ್ನು ನೇರ ಹಿಡಿಯುವ ಗೈಡ್ ಬೇರಿಂಗ್ ಸವೆದಿದ್ದರೆ ಹೆದರಬೇಡಿ, ಬದಲಿಸಬಹುದು. ಬ್ಲೇಡಿನ ಉದ್ದ ಮಾತ್ರ ತಪ್ಪದೆ ಅಳೆಯಿರಿ. ವಿಚಿತ್ರ ಅಳತೆಯದಾದರೆ ಪ್ರತಿ ಬ್ಲೇಡನ್ನೂ ಬೇರೆಯಾಗಿ ವೆಲ್ಡ್ ಮಾಡಿಸಬೇಕು. ಹೊಸದು ತಂದರೂ ಅದರ ತಗಡಿನ ಕಾಲುಗಳನ್ನು ನಂಬಬೇಡಿ. ಗಡಗಡ ಅಲ್ಲಾಡುತ್ತವೆ. ಆ್ಯಂಗಲ್ ಸ್ಟ್ಯಾಂಡ್ ನೀವೇ ಮಾಡಿ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ನಾನು ಕಾಯುತ್ತಿರೋ ಪ್ರಶ್ನೆ ಬೇರೆ ಇದೆ. “ಕಾಕಾ, ಬ್ಲೇಡ್ ಯಾವ್ದು ಹಾಕ್ಲಿ?” ಇದನ್ನು ಕೇಳುವವರೇ ಇಲ್ಲ. ಮಷಿನ್‌ಗೆ ಮೂವತ್ತು ಸಾವಿರ ಸುರಿದವರೂ ಅದರ ಜೊತೆ ಬಂದ ಕಾರ್ಬನ್ ಬ್ಲೇಡನ್ನೇ ಓಡಿಸುತ್ತಾರೆ. ವಾರಕ್ಕೆ ಅದು ಮೊಂಡಾಗುತ್ತದೆ. ಆಮೇಲೆ ಮಷಿನ್‌ಗೆ ಬೈಯುತ್ತಾರೆ.

ಮಷಿನ್ ಬರೀ ಬ್ಲೇಡನ್ನು ಓಡಿಸುತ್ತದೆ. ಕತ್ತರಿಸೋದು ಬ್ಲೇಡ್. ಬೈಮೆಟಲ್ ಬ್ಲೇಡ್ ತಗೊಳ್ಳಿ. ಬೆನ್ನು ಬಳುಕುವ ಸ್ಪ್ರಿಂಗ್ ಸ್ಟೀಲು, ಹಲ್ಲು ಹೈಸ್ಪೀಡ್ ಸ್ಟೀಲು. ಎಂ42 ಅಂತ ಬರೆದಿದ್ದರೆ ಆ ಹಲ್ಲಿನಲ್ಲಿ ಶೇ. 8ರಷ್ಟು ಕೋಬಾಲ್ಟ್ ಇರುತ್ತದೆ, ಬಿಸಿಗೆ ಬೇಗ ಸೋಲುವುದಿಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಕಾರ್ಬನ್ ಬ್ಲೇಡ್‌ಗಿಂತ ಎಷ್ಟೋ ಪಟ್ಟು ಬಾಳುತ್ತದೆ. ಸಿಕಂದರಾಬಾದಿನ ರಾಣಿಗಂಜ್‌ಗೆ ಹೋದಾಗ ನಾನು ಒಂದೇ ಸಲಕ್ಕೆ ಆರು ತರುತ್ತೇನೆ.

ಇನ್ನು ಹಲ್ಲಿನ ಲೆಕ್ಕ. ಆದಷ್ಟು ಮಟ್ಟಿಗೆ ಮಾಲಿನ ದಪ್ಪದೊಳಗೆ ಕಡೇ ಪಕ್ಷ ಮೂರು ಹಲ್ಲು ಇರಬೇಕು. ಇಂಚಿಗೆ 14 ಹಲ್ಲಿನ ಬ್ಲೇಡಲ್ಲಿ ಎರಡು ಹಲ್ಲಿನ ನಡುವೆ 1.8 ಮಿ.ಮೀ. ಅಂತರ. 5 ಮಿ.ಮೀ. ಆ್ಯಂಗಲ್‌ಗೆ ಸುಮಾರು ಮೂರು ಹಲ್ಲು ಸಿಗುತ್ತವೆ, ಸರಿ. ಅದೇ ಬ್ಲೇಡನ್ನು 2 ಮಿ.ಮೀ. ಸ್ಕ್ವೇರ್ ಪೈಪಿಗೆ ಹಾಕಿದರೆ ಒಂದೇ ಹಲ್ಲು ಗೋಡೆಗೆ ಸಿಕ್ಕಿಕೊಂಡು ಮುರಿಯುತ್ತದೆ. ಒಂದು ಹೋದರೆ ಹಿಂದಿನದೂ ಹೋಗುತ್ತದೆ. ಪೈಪಿಗೆ 24 ಹಲ್ಲಿನದು ಹಾಕಿ; ಅದರಲ್ಲೂ ಸುಮಾರು ಎರಡೇ ಹಲ್ಲು ಸಿಗುತ್ತವೆ, ಅದಕ್ಕೇ ತೋಳಿನ ಭಾರ ಕಡಿಮೆ ಮಾಡಿ. ಎರಡು ಇಂಚಿನ ಗಟ್ಟಿ ರಾಡಿಗೆ 6ರಿಂದ 10 ಹಲ್ಲು. ಸಣ್ಣ ಹಲ್ಲಿನದು ಹಾಕಿದರೆ ಹಲ್ಲಿನ ನಡುವೆ ಚೂರು ತುಂಬಿಕೊಂಡು ಬ್ಲೇಡ್ ಸುಮ್ನೆ ಜಾರುತ್ತದೆ. ಆ್ಯಂಗಲನ್ನು ಮನೆ ಸೂರಿನ ಹಾಗೆ ಮೂಲೆ ಮೇಲೆ ಮಾಡಿ ಕವುಚಿ ಹಿಡಿಯಿರಿ.

ಬ್ಲೇಡ್ ಸರಿ ಇದೆಯಾ ಅಂತ ಕೆಳಗೆ ಬಿದ್ದ ಚೂರೇ ಹೇಳುತ್ತದೆ. ಒಂದು ಚಿಟಿಕೆ ತಗೊಂಡು ಬಿಸಿಲಿಗೆ ಹಿಡಿಯಿರಿ. ಹಿಟ್ಟಿನ ಹಾಗೆ ನುಣ್ಣಗಿದ್ದರೆ ಹಲ್ಲು ಉಜ್ಜುತ್ತಿದೆ, ಕಚ್ಚುತ್ತಿಲ್ಲ. ಭಾರ ಹೆಚ್ಚಿಸಿ. ನೀಲಿಯಾಗಿ ದಪ್ಪ ಇದ್ದರೆ ಭಾರ ಜಾಸ್ತಿ ಆಗಿದೆ, ಇಲ್ಲ ಸ್ಪೀಡ್ ಜಾಸ್ತಿ ಆಗಿದೆ. ಬೆಳ್ಳಗೆ, ಸಣ್ಣ ಸುರುಳಿ ಸುರುಳಿಯಾಗಿದ್ದರೆ ಭಾರಕ್ಕೂ ಸ್ಪೀಡಿಗೂ ಕೈ ಹಚ್ಚಬೇಡಿ, ಹಾಗೇ ಬಿಡಿ. ಹೊಸ ಬ್ಲೇಡ್ ಹಾಕಿದ ಮೊದಲ ಒಂದೆರಡು ಕಟ್ ಹಗುರ ಭಾರದಲ್ಲಿ ಮಾಡಿ. ಹಲ್ಲಿನ ತುದಿ ಕೂರಬೇಕು. ಆ ತಾಳ್ಮೆ ಇಲ್ಲದೆ ಎಷ್ಟು ಜನ ಹೊಸ ಬ್ಲೇಡ್ ಒಂದೇ ದಿನಕ್ಕೆ ಹಾಳು ಮಾಡಿದ್ದಾರೆ, ನನಗೆ ಗೊತ್ತು.

ಮತ್ತೊಂದು ಮಾತು. ಕೈಗವಸು ಹಾಕಿಕೊಂಡು ಓಡುವ ಬ್ಲೇಡಿನ ಹತ್ತಿರ ಹೋಗಬೇಡಿ. ಬಟ್ಟೆ ಸಿಕ್ಕರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಕನ್ನಡಕ ಮಾತ್ರ ಬೇಕೇ ಬೇಕು. ಸಣ್ಣ ತುಂಡು ಕತ್ತರಿಸುವಾಗ ವೈಸ್‌ನ ಇನ್ನೊಂದು ತುದಿಗೆ ಅಷ್ಟೇ ದಪ್ಪದ ಚೂರು ಸೇರಿಸಿ ಬಿಗಿಯಿರಿ. ಇಲ್ಲದಿದ್ದರೆ ವೈಸಿನ ದವಡೆ ವಾರೆಯಾಗಿ, ಮಾಲು ತಿರುಗಿ, ಬ್ಲೇಡ್ ಪಟ್ ಅಂತ ತುಂಡಾಗುತ್ತದೆ.

ಆಳಂದದ ಹುಡುಗ ಹೋದ ದೀಪಾವಳಿಗೆ ನಾಲ್ಕು-ಆರರ ಮಷಿನ್ ತಗೊಂಡ. ಈ ಸಲ ತರುವ ಮೊದಲು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಮೊನ್ನೆ ಫೋನ್ ಮಾಡಿದ. “ಕಾಕಾ, ಬ್ಲೇಡ್ ಚೊಲೋ ಅದ, ಚಿಪ್ಸ್ ಸುರುಳಿ ಬರ್ಲಕತ್ತಾವ. ಆದ್ರ ಗುನ್ಯಾ ಹಚ್ಚಿದ್ರ ಎರಡು ಇಂಚಿಗೆ ಒಂದು ಮಿ.ಮೀ. ವಾರೆ ಕಾಣ್ತದ. ಯಾಕ?”

ಗುನ್ಯಾ ಅಂದರೆ ಚೌಕ ನೋಡುವ ಮೂಲೆಮಟ್ಟ. ಕೂತಿದ್ದವನು ಎದ್ದು ನಿಂತು ಮಾತಾಡಿದೆ. ಅರ್ಧ ಗಂಟೆ ಮಾತಾಡಿದೆವು. ವೈಸಿನ ಸ್ಥಿರ ದವಡೆ ಬ್ಲೇಡಿಗೆ ಚೌಕ ಇದೆಯಾ, ಬ್ಲೇಡ್ ಬಿಗಿ ಸಾಕಾ, ಗೈಡ್‌ಗಳನ್ನು ಮಾಲಿನ ಹತ್ತಿರಕ್ಕೆ ಸರಿಸಿದ್ದೀಯಾ ಅಂತ ಒಂದೊಂದೇ ಕೇಳಿದೆ. ಮೂರನ್ನೂ ನೋಡಿದ್ದಾನೆ. ಗೈಡ್ ಬೇರಿಂಗೇ ಇರಬೇಕು. ಭಾನುವಾರ ಬೆಳಿಗ್ಗೆ ಅವನ ಶೆಡ್‌ಗೆ ಹೋಗುತ್ತಿದ್ದೇನೆ. ಸಂದಿ ಅಳೆಯುವ ಫೀಲರ್ ಗೇಜ್ ಚೀಲದಲ್ಲಿ ಹಾಕಿ ಇಟ್ಟಿದ್ದೇನೆ.