ಅಮ್ಮ ಟೈಪ್ ಮಾಡಬಲ್ಲ ಹೆಸರು

ತೀರ್ಥಹಳ್ಳಿ ಕಡೆಯ ಮಳೆ, ತೋಟ, ಅಡುಗೆ ಅಂತ ಏನಾದರೂ ಬರೆದು ತಿಂಗಳಿಗೆರಡು ಸಲ ಇಮೇಲ್‌ನಲ್ಲಿ ಕಳಿಸುತ್ತೇನೆ. ಓದುವವರು ನೂರಾ ಚಿಲ್ಲರೆ ಜನ. ಅದರಲ್ಲಿ ಅರ್ಧ ನೆಂಟರು. ಇಷ್ಟಕ್ಕೆ ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮದೇ ಹೆಸರಿನ ವಿಳಾಸ, ಯಾಕೆ ಅಂತ ಗಂಡ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ 2023ರ ಜನವರಿಯಲ್ಲಿ ರೆವ್ಯೂ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಟೈನಿಲೆಟರ್ ಕೂಡ ಬಾಗಿಲು ಹಾಕಿತು. ಎರಡೂ ನನ್ನಂಥವರು ಪತ್ರ ಕಳಿಸುತ್ತಿದ್ದ ಜಾಗಗಳೇ. ಹೆಸರು ನಮ್ಮದಾಗಿದ್ದರೆ ನಾಳೆ ಬೇರೆ ಕಡೆಗೆ ಹೋದರೂ ವಿಳಾಸ ಅದೇ ಇರುತ್ತೆ. (ನಮ್ಮದು ಅನ್ನೋದೂ ಬಾಯಿಮಾತೇ. ವರ್ಷ ವರ್ಷ ದುಡ್ಡು ಕಟ್ಟದಿದ್ದರೆ ಅದೂ ಹೋಯ್ತು.)

ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಮೊದಲು ಹೊಳೆದದ್ದು ‘ಮಳೆ’. ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿದೆ. ಎಂ, ಎ, ಎಲ್, ಇ. ಮಳೆ ಹೋಗಿ ‘ಮೇಲ್’ ಆಯ್ತು, ಗಂಡಸು! ‘ಬರಹ’ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ರೂಢಿಯಿದ್ದ ನನಗೆ ದೊಡ್ಡ ಎಲ್ ಒತ್ತಿದರೆ ಳ ಬರಬೇಕು. ಡೊಮೇನ್‌ಗೆ ದೊಡ್ಡಕ್ಷರವೂ ಒಂದೇ, ಚಿಕ್ಕಕ್ಷರವೂ ಒಂದೇ.

ಆಮೇಲೆ ‘ಓಲೆ’. ಪತ್ರಕ್ಕೆ ಇದಕ್ಕಿಂತ ಚಂದದ ಹೆಸರು ಬೇಕಾ? ಬರೆದರೆ ಅದು ಓಲೆಯೂ ಹೌದು, ಒಲೆಯೂ ಹೌದು. ಫುಟ್‌ಬಾಲ್ ನೋಡುವವರಿಗೆ ‘ಓಲೇ!’ ಅನ್ನೋ ಕೂಗೂ ಹೌದು. ಸಾಲದ್ದಕ್ಕೆ ಅಷ್ಟು ಚಿಕ್ಕ ಹೆಸರು ಯಾವತ್ತೋ ಯಾರದ್ದೋ ಪಾಲಾಗಿತ್ತು. ‘ಹಾಳೆ’ ಅಂದೆ. ಗಂಡ ಪರದೆ ನೋಡಿ ಇಂಗ್ಲಿಷಿನಲ್ಲಿ ‘ಹೇಲ್’ ಅಂತ ಓದಿದರು. ಅದರ ಕೊನೆಗೊಂದು ಉ ಸೇರಿಸಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಇಬ್ಬರೂ ನಕ್ಕು ಸುಸ್ತಾದೆವು.

ಹಾಗಾದರೆ ಕನ್ನಡದಲ್ಲೇ ಇಟ್ಟರಾಯ್ತು ಅಲ್ವಾ? ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ಡೊಮೇನ್ ಇದೆ. ಆದರೆ ಒಳಗೆ ಓಡುವ ವ್ಯವಸ್ಥೆಗೆ ಅರ್ಥವಾಗೋದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಅಷ್ಟೇ. ಅದಕ್ಕೇ ಕನ್ನಡದ ಹೆಸರನ್ನು ಪ್ಯೂನಿಕೋಡ್ ಅನ್ನುವ ರೂಪಕ್ಕೆ ತಿರುಗಿಸುತ್ತಾರೆ. ನಮ್ಮ ‘ಭಾರತ’ ಅಲ್ಲಿ ಎಕ್ಸ್ ಎನ್, ಎರಡು ಅಡ್ಡಗೆರೆ, 2 ಎಸ್ ಸಿ ಆರ್ ಜೆ 9 ಸಿ ಆಗಿಬಿಡುತ್ತೆ. ಬ್ರೌಸರ್ ಅದನ್ನು ಮತ್ತೆ ಕನ್ನಡ ಮಾಡಿ ತೋರಿಸಬಹುದು. ಎಲ್ಲ ಕಡೆ ತೋರಿಸುತ್ತೆ ಅನ್ನೋ ಧೈರ್ಯ ನನಗೆ ಬರಲಿಲ್ಲ. ಪತ್ರದ ಮೇಲೆ ಲಾರಿ ನಂಬರಿನಂಥ ವಿಳಾಸ ಕಂಡರೆ ನಮ್ಮ ಚಿಕ್ಕಮ್ಮಂದಿರು ಮೋಸದ ಮೇಲ್ ಅಂತ ಅಳಿಸಿಹಾಕುತ್ತಾರೆ. ಆಸೆಯಿತ್ತು, ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಒಂದು ಪರೀಕ್ಷೆ ಶುರು ಮಾಡಿದೆ. ಅಮ್ಮನಿಗೆ ಫೋನ್ ಮಾಡಿ ಹೆಸರು ಹೇಳೋದು, ಅವಳು ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸೋದು. ‘ಕಾಗದ’ ಅಂದೆ. ಕಾ ಬರೆಯೋಕೆ ಎ ಒಂದೋ ಎರಡೋ ಅಂತ ತಿರುಗಿ ನನ್ನನ್ನೇ ಕೇಳಿದಳು. ‘ಸೋನೆ’ ಅಂದೆ. ಅದು ಹಿಂದಿಯ ಸೋನೆ, ಅಂದರೆ ಚಿನ್ನ, ಆಗಿ ವಾಪಸ್ ಬಂತು. ದೀರ್ಘ ಇರುವ ಹೆಸರೆಲ್ಲ ಹೀಗೇ ಕೈಕೊಡುತ್ತೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು.

“ನಿಂಗೆ ಬೇರೆ ಕೆಲ್ಸ ಇಲ್ವನೇ ಮಾರಾಯ್ತಿ?” ಅಂದಳು ಅಮ್ಮ. “ನಾನಿಲ್ಲಿ ಅಟ್ಟ ಕ್ಲೀನ್ ಮಾಡ್ತಾ ಇದ್ದೆ. ಅಜ್ಜನ ಕಾಲದ ಗೊರಬು ಸಿಕ್ತು. ಎಲೆಯೆಲ್ಲ ಉದುರಿ ಬರೀ ಬಿದಿರು ಉಳಿದಿದೆ.”

ಗೊರಬು! ಗದ್ದೆಯಲ್ಲಿ ಬಗ್ಗಿ ಸಸಿ ನೆಡುವಾಗ ತಲೆ, ಬೆನ್ನು ನೆನೆಯದ ಹಾಗೆ ಹೊದೆಯುತ್ತಿದ್ದದ್ದು. ಬಿದಿರಿನ ಹೆಣಿಗೆ, ಮಧ್ಯೆ ಎಲೆ. ದೀರ್ಘ ಇಲ್ಲ, ಒತ್ತಕ್ಷರ ಇಲ್ಲ, ಳ ಇಲ್ಲ, ಣ ಇಲ್ಲ. “ಅಮ್ಮ, ಅದನ್ನೇ ಟೈಪ್ ಮಾಡು” ಅಂದೆ. ಜಿ, ಓ, ಆರ್, ಎ, ಬಿ, ಯು. ಒಂದೇ ಸಲಕ್ಕೆ ಸರಿಯಾಗಿ ಬಂತು. ಡಾಟ್ ಇನ್ ಖಾಲಿ ಇತ್ತು. ಮೊದಲ ವರ್ಷ ಅಗ್ಗ, ಎರಡನೇ ವರ್ಷದಿಂದ ಮೂರು ಪಟ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದು ದುಡ್ಡು ಕಟ್ಟಿದ ಮೇಲೆ ಕಣ್ಣಿಗೆ ಬಿತ್ತು.

ಸಂಜೆ ಆ ಹೆಸರನ್ನು ನನ್ನ ಪತ್ರಗಳ ಪುಟಕ್ಕೆ ಜೋಡಿಸಿ, ತೆರೆದು ನೋಡು ಅಂತ ಅಮ್ಮನಿಗೆ ಹೇಳಿದೆ. “ಏನೋ ಜಾಹೀರಾತು ಬರ್ತಿದೆ” ಅಂದಳು. ನನಗೆ ಸರಿಯಾಗೇ ತೆರೀತಿತ್ತು. ತಲೆ ಕೆರೆದುಕೊಂಡು ನೋಡಿದರೆ, ನಾನು ಮುಂದೆ ಮೂರು ಡಬ್ಲ್ಯು ಹಾಕುತ್ತಿದ್ದೆ, ಅವಳು ಹಾಕುತ್ತಿರಲಿಲ್ಲ. ಯಾರು ಹಾಕ್ತಾರೆ ಈಗ? ನಾನು ಸೇರಿಸಿದ್ದ ಸಿ-ನೇಮ್ ದಾಖಲೆ (ಈ ಹೆಸರು ಅಂದರೆ ಆ ಇನ್ನೊಂದು ಹೆಸರೇ ಅಂತ ಹೇಳುವಂಥದ್ದು) ಡಬ್ಲ್ಯು ಇರುವ ಹೆಸರಿಗೆ ಮಾತ್ರ. ಬರೀ ಹೆಸರಿಗೆ ಅದನ್ನು ಹಾಕೋಕೆ ಬರೋದಿಲ್ಲ, ಯಾಕಂದರೆ ಬೇರೆ ದಾಖಲೆಗಳಿರುವ ಹೆಸರಿನ ಜೊತೆ ಸಿ-ನೇಮ್ ಕೂರೋದಿಲ್ಲ. ಬರೀ ಹೆಸರಿಗೆ ಬಂದವರನ್ನು ಡಬ್ಲ್ಯು ಕಡೆಗೆ ಕಳಿಸಿಬಿಡಿ ಅಂತ ಬೇರೆಯಾಗಿ ಹೇಳಬೇಕು. ಹೇಳಿದೆ. ಈ ಹೆಸರು ಎಲ್ಲಿದೆ ಅಂತ ಇಂಟರ್ನೆಟ್ ನೆನಪಿಟ್ಟುಕೊಂಡಿದ್ದ ಹಳೇ ಉತ್ತರ ಅದಕ್ಕೆ ಮರೆತುಹೋಗಲಿ ಅಂತ ಗಂಟೆಗಟ್ಟಲೆ ಕಾದೆ.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. “ಬಂತು ನೋಡೇ. ಚೆನ್ನಾಗಿದೆ. ಆದ್ರೆ ಮೇಲೆ ಚಿತ್ರ ಹಾಕಿದೀಯಲ್ಲ, ಅದು ಗೊರಬಲ್ಲ. ಕಂಬಳಿ ಕೊಪ್ಪೆ.”