ಪಾದಗಳ ಮೊರೆ

ಹೋದ ಶನಿವಾರ ನನ್ನ ಏಳು ವರ್ಷದ ಮಗಳು ಆಡಿದ ಮಾತೊಂದು ಇನ್ನೂ ನನ್ನ ಕಿವಿಯಲ್ಲೇ ಇದೆ.

ಜರ್ಮನಿಯ ಲೈಪ್ಜಿಗ್‌ನಲ್ಲಿ ನಮ್ಮ ಮೇಲಿನ ಮನೆಯವರು, ಮಗಳ ಪಾಲಿಗೆ 'ಓಮಾ' (ಜರ್ಮನ್‌ನಲ್ಲಿ ಅಜ್ಜಿ), ಊರಾಚೆಯ ಸಣ್ಣ ಚರ್ಚೊಂದರಲ್ಲಿ ಕೈಕಾಲುಗಳೆರಡರಿಂದಲೂ ನುಡಿಸುವ ಆರ್ಗನ್ ವಾದ್ಯ ನುಡಿಸುತ್ತಾರೆ. ಅಂದು ಅಭ್ಯಾಸಕ್ಕೆ ಹೊರಟವರು ನಮ್ಮನ್ನೂ ಕರೆದೊಯ್ದರು. ಬೂಟು ಕಳಚಿ, ತೆಳು ಚರ್ಮದ ಅಟ್ಟೆಯ ಬೇರೆ ಜೋಡು ಹಾಕಿಕೊಂಡು ಬೆಂಚೇರಿದರು. ನುಡಿಸಿದ್ದು ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ವೈಮಾರ್ ಪಟ್ಟಣದಲ್ಲಿದ್ದಾಗ ಬರೆದ, ಎರಡೂವರೆ ನಿಮಿಷದಷ್ಟೇ ಇರುವ ಕೃತಿ: 'ಇಖ್ ರೂಫ್ ತ್ಸು ದಿಅರ್'. ನಿನ್ನನ್ನೇ ಕೂಗುತ್ತಿದ್ದೇನೆ, ಪ್ರಭುವೇ ಎಂಬ ಮೊರೆ.

ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ಬಿಡದೆ ಹರಿಯುವ ಸ್ವರಗಳು. ಕೆಳಗೆ ಪಾದಗಳು ಮಾತ್ರ ಮರದ ಪಟ್ಟಿಗಳ ಮೇಲೆ ಒಂದೇ ಅಳತೆಯಲ್ಲಿ, ಒಂದಾದ ಮೇಲೊಂದು. ಮಗಳು ನೋಡುತ್ತಿದ್ದದ್ದು ಆ ಪಾದಗಳನ್ನೇ. ಕೊನೆಗೆ ಪಿಸುಗುಟ್ಟಿದಳು: "ಅಮ್ಮಾ, ಓಮಾನೂ ನಮ್ಮ ಅಜ್ಜಿಯ ಹಾಗೆ ದೇವರನ್ನು ಸುತ್ತುತ್ತಿದ್ದಾರಾ?"

ನನಗೆ ಗಂಟಲು ಕಟ್ಟಿತು. ಎರಡು ವರ್ಷದ ಹಿಂದೆ ಇವಳಿಗೆ ಜ್ವರ ಇಳಿಯದೆ ಆಸ್ಪತ್ರೆಯಲ್ಲಿದ್ದಾಗ ಊರಿನಲ್ಲಿ ಅಮ್ಮ ಹರಕೆ ಹೊತ್ತಿದ್ದರು. ನಾವು ರಜೆಗೆ ಹೋದಾಗ ಹಿಮ್ಮಡಿಗೆ ಬೆರಳು ತಾಗಿಸಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ಪ್ರದಕ್ಷಿಣೆ ಹಾಕಿ ತೀರಿಸಿದರು. ಬಿಸಿಲಿಗೆ ಕಾದ ಕಲ್ಲುಹಾಸು, ಅಮ್ಮನ ಒಡೆದ ಹಿಮ್ಮಡಿ, ಅರಿಶಿನ ಹಚ್ಚಿದ ಪಾದದ ಅಂಚು. ಹಿಂದಿನಿಂದ ಯಾರೋ "ಬೇಗ ಬೇಗ ನಡೆಯಿರಿ" ಎಂದು ಕೂಗುತ್ತಲೇ ಇದ್ದರು. ಅಮ್ಮ ತಲೆ ಎತ್ತಲಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಬೇಡಿಕೊಳ್ಳುವುದಕ್ಕೂ ಪುರುಸೊತ್ತು ಕೊಡದಂತಾದೆವಲ್ಲ ಎಂದು ಅಂದು ಆದ ನೋವು ಈಗಲೂ ಇದೆ.

ಓಮಾ ಕೊಟ್ಟ ಹಾಳೆಯಲ್ಲಿ ಕಾಲಪ್ರಮಾಣದ ಸೂಚನೆ ಹುಡುಕಿದೆ. ಬಾಖ್ ಏನನ್ನೂ ಬರೆದಿಲ್ಲ. "ಮೇಲಿನ ಹಾಡನ್ನು ಬಾಯಲ್ಲಿ ಹಾಡಿ ನೋಡು, ಉಸಿರೇ ಹೇಳುತ್ತದೆ" ಎಂದರು. ಶ್ರುತಿ ಎಫ್ ಮೈನರ್, ಅಂದರೆ 'ಎಫ್' ಸ್ವರವನ್ನು ಆಧಾರವಾಗಿಟ್ಟ, ಕೋಮಲ ಗಾಂಧಾರದ ಸ್ವರಶ್ರೇಣಿ. ಚಿಕ್ಕಂದಿನಲ್ಲಿ ಸಂಗೀತ ಕಲಿತವಳಾದ ನನಗೆ ಅದೇ ಆಧಾರದ, ನಾಲ್ಕು ಶ್ರುತಿಯ ಕೀರವಾಣಿ ರಾಗದ ನೆರಳು ಕಂಡಿತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ ಏರಬಹುದು, ಇಳಿಯಬಹುದು, ಭಾವ ಇರುವುದು ರಾಗದಲ್ಲಿ. ಬಾಖ್‌ನ ಕಾಲದ ಹಲವರಿಗೆ ಆಧಾರಸ್ವರವನ್ನು ಎಲ್ಲಿ ಇಟ್ಟರು ಎಂಬುದೇ ಭಾವದ ಅರ್ಧ. ಆಗಿನ ಆರ್ಗನ್‌ಗಳ ಮೇಳೈಕೆಯಲ್ಲಿ ಎಲ್ಲ ಶ್ರುತಿಗಳೂ ಒಂದೇ ಹದಕ್ಕೆ ಕೂರುತ್ತಿರಲಿಲ್ಲ. ಎಫ್ ಮೈನರ್‌ನ ಗಾಂಧಾರದಲ್ಲಿ ಒಂದು ಒರಟುತನ ಉಳಿಯುತ್ತಿತ್ತು. ಹ್ಯಾಂಬರ್ಗ್‌ನ ಸಂಗೀತಗಾರ, ಸಂಗೀತದ ಬಗ್ಗೆ ಬರೆಯುತ್ತಿದ್ದ ಮಾಟೆಸನ್ 1713ರಲ್ಲೇ ಈ ಶ್ರುತಿಯನ್ನು ಮೃದುವಾದರೂ ಆಳವಾದ, ಭಾರವಾದ ಸಂಕಟಕ್ಕೆ ಸೇರಿಸಿದ್ದ. ನಾನು ಇಷ್ಟು ದಿನ ಇದನ್ನು ಬರೀ ದುಃಖವೆಂದು ಕೇಳಿದ್ದೆ. ಇದು ದುಃಖವಲ್ಲ. ಅಳು ಮುಗಿದ ಮೇಲೆ ಎದ್ದು ನಡೆಯತೊಡಗಿದವರ ನಡಿಗೆ.

ಭಾನುವಾರ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಅಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. ಚರ್ಚು, ಬಾಖ್ ಏನನ್ನೂ ಹೇಳಲಿಲ್ಲ, ಮೇಲಿನ ಮನೆಯ ಅಜ್ಜಿ ನುಡಿಸಿದ್ದು ಎಂದೆ ಅಷ್ಟೆ. ಮುಗಿದ ಮೇಲೂ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಪಾಪ, ಅವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?"