ಹಿಮ್ಮಡಿ ಎಷ್ಟೆತ್ತರ ಏಳುತ್ತದೆ?

ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆಯಾದ ಓಟಗಾರರು ತಿಂಗಳು ಎಣಿಸುತ್ತಾರೆ. ಎಣಿಸಬೇಕಾದ್ದು ಮೀನಖಂಡದ ಬಲವನ್ನು.

ಶಸ್ತ್ರಚಿಕಿತ್ಸೆಯ ನಂತರ ಹಾಕುವ ರಕ್ಷಣಾ ಬೂಟಿನೊಳಗಿನ ಹಿಮ್ಮಡಿ ಮೆತ್ತೆಗಳನ್ನು ಸರ್ಜನ್ ಹೇಳಿದ ವಾರಕ್ಕೇ, ಒಂದೊಂದಾಗಿ ತೆಗೆಯಿರಿ. ಬಿಗಿಯೆನಿಸಿತೆಂದು ಮೊದಲ 12 ವಾರ ಗೋಡೆಗೆ ಕೈಕೊಟ್ಟು ಸ್ಟ್ರೆಚ್ ಮಾಡುವುದು ಬೇಡವೇ ಬೇಡ. ಸ್ನಾಯುರಜ್ಜು ಉದ್ದವಾಗಿ ಕೂಡಿಕೊಂಡರೆ ಮೀನಖಂಡ ಎಷ್ಟು ದುಡಿದರೂ ಹಿಮ್ಮಡಿ ಪೂರ್ತಿ ಮೇಲೇಳದು. ಅದನ್ನು ಮತ್ತೆ ಗಿಡ್ಡ ಮಾಡುವ ವ್ಯಾಯಾಮವಿಲ್ಲ.

ಬೂಟು ಬಿಟ್ಟ ಮೇಲೆ ಕುಳಿತು ಹಿಮ್ಮಡಿ ಎತ್ತಿ, ನಂತರ ಎರಡು ಕಾಲಲ್ಲಿ ನಿಂತು, ಕೊನೆಗೆ ಒಂಟಿಕಾಲಲ್ಲಿ. ಮಂಡಿ ಮಡಿಸಿ ಮಾಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಓಟದಲ್ಲಿ ಹೆಚ್ಚು ಭಾರ ಹೊರುವ ಸೋಲಿಯಸ್‌ಗೆ, ಅಂದರೆ ಮೀನಖಂಡದ ಒಳಪದರದ ಸ್ನಾಯುವಿಗೆ, ಅದು ಒಳ್ಳೆಯ ಕೆಲಸ ಕೊಡುತ್ತದೆ. ಎತ್ತರ ತಗ್ಗಿದ ಮೇಲಿನ ಸಲಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಫಿಸಿಯೋ ಒಪ್ಪಿದ ಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮರುದಿನ ಬೆಳಗ್ಗೆ ಊತ, ಬಿಗಿತ ಹೆಚ್ಚಿದ್ದರೆ ಒಂದು ಹಂತ ಹಿಂದಕ್ಕೆ.